ಹೊತ್ತಲ್ಲದ ಹೊತ್ತಿನ ಸಂಗು

ಚಲಪತಿಗೆ ಹತ್ತನೆಯ ವಯಸ್ಸಿನಲ್ಲೇ ಒಂದು ಕೆಲಸ ಒದಗಿಬಂತು. ಅದು ಅಪ್ಪನ ಹೆಸರು ಹೇಳುವ ಕೆಲಸ.

ಅವನ ಅಪ್ಪ ಮುನಿಶಾಮಿ ಚಿನ್ನದ ಗಣಿಯಲ್ಲಿ ನೆಲದಡಿ ದುಡಿಯುತ್ತಿದ್ದವನು. ಗಣಿಗೆ ಸೇರಿದ ಚಾಂಪಿಯನ್ ರೀಫ್ಸಿನಲ್ಲಿ, ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಒಂದು ಲೈನುಮನೆಯಲ್ಲಿ ಸಂಸಾರ. ತೊಂಬತ್ತನಾಲ್ಕನೆಯ ಇಸವಿಯಲ್ಲಿ ಒಂದು ದಿನ ಒಳಗೆ ಬಂಡೆ ಸಿಡಿದು ಅವನು ತೀರಿಕೊಂಡ. ಆಮೇಲೆ ಅವನ ಹೆಂಡತಿ ಪಾಪಕ್ಕ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಎಲ್ಲಿ ಹೋದರೂ ಮೊದಲ ಪ್ರಶ್ನೆ ಗಂಡನ ಹೆಸರೇನು ಎಂಬುದು. ಪಾಪಕ್ಕ ಬಂಗಾರಪೇಟೆ ಕಡೆಯ ಹಳ್ಳಿಯ ಹೆಂಗಸು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಅವಳ ತವರಿನಲ್ಲೂ ಇರಲಿಲ್ಲ, ಅತ್ತೆಯ ಮನೆಯಲ್ಲೂ ಇರಲಿಲ್ಲ. ಹೇಳಿದರೆ ಗಂಡನ ಆಯಸ್ಸು ಕುಂದುತ್ತದೆಂದು ನಂಬಿಕೆ. ಗಂಡನೇ ಹೋದ ಮೇಲೆ ಕುಂದುವ ಆಯಸ್ಸು ಯಾವುದೆಂದು ಯಾರಾದರೂ ಕೇಳಬಹುದು. ರೂಢಿ ಎಂಬುದು ಹಾಗೆಲ್ಲ ತರ್ಕ ನೋಡಿಕೊಂಡು ನಡೆಯುವಂಥದಲ್ಲ. ಅವಳು ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಂಡು ಪಕ್ಕದಲ್ಲಿ ನಿಂತ ಮಗನ ಬೆನ್ನಿಗೆ ಮೆಲ್ಲಗೆ ತಿವಿಯುವಳು. ಚಲಪತಿ ಪಾಠ ಒಪ್ಪಿಸುವವನಂತೆ ನೆಟ್ಟಗೆ ನಿಂತು, "ಮುನಿಶಾಮಿ, ತಂದೆ ಹೆಸರು ಯರ್ರಪ್ಪ" ಎನ್ನುವನು. ಪಡಿತರ ಚೀಟಿಗೂ ಅವನೇ, ಪಿಂಚಣಿಯ ಕಾಗದಕ್ಕೂ ಅವನೇ. ಒಂದೊಂದು ದಿನ ಅದಕ್ಕಾಗಿಯೇ ಶಾಲೆ ತಪ್ಪುತ್ತಿತ್ತು.

ಮುಂದೆ ಗಣಿಯ ಆಸ್ಪತ್ರೆಯಲ್ಲಿ ಪಾಪಕ್ಕನಿಗೆ ಗುಡಿಸುವ ಕೆಲಸ ಸಿಕ್ಕಿತು. ಸೇರುವ ದಿನ ಅಲ್ಲಿಯ ಗುಮಾಸ್ತರೊಬ್ಬರು, ಗಂಡನ ಹೆಸರು ಹೇಳಿದರೆ ನಾಲಿಗೆ ಉದುರಿಹೋಗುತ್ತದೇನಮ್ಮ ಎಂದು ತಮಾಷೆ ಮಾಡಿದರಂತೆ.

"ಉದುರಿದ್ರೆ ಅದನ್ನ ಗುಡ್ಸೋಕೂ ನಾನೇ ಬರ್ಬೇಕಲ್ಲ ಸ್ವಾಮಿ" ಎಂದಳಂತೆ ಪಾಪಕ್ಕ.

ಲೈನಿಗೆ ಹಾಲು ತರುತ್ತಿದ್ದವನ ಹೆಸರೂ ಮುನಿಶಾಮಿಯೇ. ಅವನು ಇಪ್ಪತ್ತು ವರ್ಷ ಹಾಲು ಹಾಕಿದರೂ ಪಾಪಕ್ಕನ ಬಾಯಲ್ಲಿ "ಹಾಲಿನಣ್ಣ" ಆಗಿಯೇ ಉಳಿದ.

ಎರಡು ಸಾವಿರದ ಒಂದರಲ್ಲಿ ಗಣಿ ಮುಚ್ಚಿತು. ದಿನಕ್ಕೆ ಮೂರು ಸಲ, ಪಾಳಿ ಬದಲಾಗುವಾಗ, ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಸೈರನ್ನೂ ನಿಂತುಹೋಯಿತು. ಅದನ್ನು ಆ ಕಡೆ ಸಂಗು ಎನ್ನುತ್ತಾರೆ. ಸಂಗು ಕೇಳಿಯೇ ಅಲ್ಲಿಯ ಹೆಂಗಸರು ಅಕ್ಕಿ ತೊಳೆಯುತ್ತಿದ್ದರು, ಮಕ್ಕಳನ್ನು ಎಬ್ಬಿಸುತ್ತಿದ್ದರು. ಅದು ನಿಂತ ಮೇಲೆ ಕೆಲವು ತಿಂಗಳು ಲೈನಿನಲ್ಲಿ ಯಾರ ಮನೆಯಲ್ಲೂ ಹೊತ್ತಿಗೆ ಸರಿಯಾಗಿ ಅಡುಗೆ ಆಗಲಿಲ್ಲ.

ಕೆಲಸ ಹೋದವರೆಲ್ಲ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರತೊಡಗಿದರು. ಪಾಪಕ್ಕನೂ ಹೋದಳು. ಅವಳಿಗೆ ಸಿಕ್ಕಿದ್ದು ಒಂದು ದೊಡ್ಡ ಬಂಗಲೆಯನ್ನು ಗುಡಿಸಿ ಒರೆಸುವ ಕೆಲಸ. ಆ ಬಂಗಲೆಯಲ್ಲಿ ಯಾರೂ ವಾಸವಿರಲಿಲ್ಲ. ಅದನ್ನು ಧಾರಾವಾಹಿಯವರಿಗೆ ಬಾಡಿಗೆಗೆ ಬಿಟ್ಟಿದ್ದರು. ಒಂದು ದಿನ ಅವಳು ನೆಲ ಒರೆಸುತ್ತಾ, ನೆನ್ನೆ ಈ ಹುಡುಗಿ ಹೂವನ್ನು ಎಡಗಡೆ ಮುಡಿದಿದ್ದಳಲ್ಲ, ಇವತ್ತು ಯಾಕೆ ಬಲಗಡೆ ಮುಡಿದಿದ್ದಾಳೆ ಎಂದು ಯಾರನ್ನೋ ಕೇಳಿದಳು. ಕೇಳಿದವರು ನಕ್ಕರು. ಆಮೇಲೆ ನೆನ್ನೆಯ ಚಿತ್ರವನ್ನು ತೆಗೆದು ನೋಡಿದರೆ ಅವಳ ಮಾತೇ ನಿಜ. ಆ ಧಾರಾವಾಹಿಯ ನಿರ್ದೇಶಕರು ಆಂಜನಪ್ಪ ಎಂಬ ಹಿರಿಯರು. ಅವರು ಪಾಪಕ್ಕನನ್ನು ಕರೆದು, ನಿನಗೆ ಇಂಥ ಕಣ್ಣು ಎಲ್ಲಿಂದ ಬಂತಮ್ಮ ಎಂದು ವಿಚಾರಿಸಿದರು. ತನ್ನದೇನು ಮಹಾ, ತನ್ನ ಮಗನ ಕಣ್ಣು ಇದಕ್ಕಿಂತ ಚುರುಕು, ಬರವಣಿಗೆಯೂ ದುಂಡಗಿದೆ ಎಂದಳು ಪಾಪಕ್ಕ.

ಆ ಮಗ ಆಗ ಪಿ.ಯು.ಸಿ. ಮುಗಿಸಿ ಬಂಗಾರಪೇಟೆಯಲ್ಲಿ ಮದುವೆಯ ವಿಡಿಯೋ ತೆಗೆಯುವವರ ಹಿಂದೆ ದೀಪ ಹಿಡಿದು ತಿರುಗುತ್ತಿದ್ದ. ಮುಂದಿನ ಸೋಮವಾರ ಅವನು ತಾಯಿಯ ಜೊತೆಗೆ ಅದೇ ರೈಲು ಹತ್ತಿದ. ತಾಯಿ ಬಂಗಲೆಯ ಹಿಂದಿನ ಬಾಗಿಲಿನಿಂದ ಒಳಗೆ ಹೋದಳು, ಮಗ ಮುಂದಿನ ಬಾಗಿಲಿನಿಂದ.

ಅವನ ಕೈಗೆ ಒಂದು ಗೆರೆ ಪುಸ್ತಕ ಕೊಟ್ಟರು. ಒಂದು ದೃಶ್ಯವನ್ನು ಇವತ್ತು ಅರ್ಧ ತೆಗೆದು ಉಳಿದರ್ಧವನ್ನು ವಾರದ ಮೇಲೆ ತೆಗೆಯುವುದುಂಟು. ಯಾರ ಕೈಯಲ್ಲಿ ಎಷ್ಟು ಬಳೆ ಇತ್ತು, ಲೋಟದಲ್ಲಿ ನೀರು ಎಲ್ಲಿಯವರೆಗೆ ಇತ್ತು, ಬಾಗಿಲು ತೆರೆದಿತ್ತೋ ಮುಚ್ಚಿತ್ತೋ, ಎಲ್ಲವನ್ನೂ ಬರೆದಿಡಬೇಕು. ಚಲಪತಿ ನಾಲ್ಕು ವರ್ಷ ಬರೆದ. ಅವನ ಪುಸ್ತಕದಲ್ಲಿ ಒಂದು ತಪ್ಪು ಹುಡುಕಿದವರಿಗೆ ಒಂದು ದಿನ ರಜೆ ಎಂದು ಆಂಜನಪ್ಪನವರು ಹೇಳುತ್ತಿದ್ದರಂತೆ. ರಜೆ ಯಾರಿಗೂ ಸಿಗಲಿಲ್ಲ. ಆಮೇಲೆ ಅವನು ಸಹಾಯಕನಾದ, ಸಹನಿರ್ದೇಶಕನಾದ, ಇಪ್ಪತ್ತಾರನೆಯ ವಯಸ್ಸಿನಲ್ಲಿ ಸಂಚಿಕೆಗಳನ್ನು ತಾನೇ ನಿರ್ದೇಶಿಸತೊಡಗಿದ.

ಆಂಜನಪ್ಪನವರು ಅವನಿಗೆ ಕಲಿಸಿದ ವಿದ್ಯೆಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ಪಾತ್ರಧಾರಿಗೆ ಕಣ್ಣೀರು ಬಂದ ಕೂಡಲೇ ಕಟ್ ಎನ್ನಬಾರದು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಮೊದಲು ಬರುವುದು ಅಭ್ಯಾಸದ ಅಳು. ಸಂಭಾಷಣೆ ಮುಗಿದರೂ ಕಟ್ ಎಂಬ ಮಾತು ಬಾರದೆ ಪಾತ್ರಧಾರಿ ದಿಕ್ಕು ತೋಚದೆ ನಿಲ್ಲುತ್ತಾನಲ್ಲ, ಆಗ ಬರುವುದು ನಿಜವಾದದ್ದು. ಚಲಪತಿ ಅದನ್ನು ಬಿಡದೆ ಪಾಲಿಸಿದ. ಮೆತ್ತಗಿನ ದನಿಯ ಮನುಷ್ಯ, ಯಾರನ್ನೂ ಗದರುವವನಲ್ಲ. ಅವನ ತುಟಿ ಸಣ್ಣಗೆ ಅಲ್ಲಾಡುತ್ತಿದ್ದರೆ, ಸರ್ ಎಣಿಸುತ್ತಿದ್ದಾರೆ, ಯಾರೂ ಕೆಮ್ಮಬೇಡಿ ಎಂದು ಕೆಲಸದವರು ಪರಸ್ಪರ ಸನ್ನೆ ಮಾಡುತ್ತಿದ್ದರು.

ಎರಡು ಸಾವಿರದ ಹದಿಮೂರರಲ್ಲಿ ಅವನು ಒಂದು ಸಿನಿಮಾ ಮಾಡಿದ. ಕಾಲೇಜು ಹುಡುಗ ಹುಡುಗಿಯರ ಪ್ರೇಮದ ಕಥೆ, ಐದು ಹಾಡು. ಬೆಂಗಳೂರಿನಲ್ಲಿ ಒಂದು ವಾರ ಓಡಿತು, ಬಂಗಾರಪೇಟೆಯಲ್ಲಿ ನಾಲ್ಕು ದಿನ. ಐದನೆಯ ದಿನ ಚಲಪತಿ ಧಾರಾವಾಹಿಯ ಮನೆಗೆ ಮರಳಿದ. ಯಾರೂ ಏನೂ ಕೇಳಲಿಲ್ಲ. ಚಹಾ ಎಂದಿನ ಹೊತ್ತಿಗೆ ಬಂತು. ಅಲ್ಲಿಂದ ಹನ್ನೊಂದು ವರ್ಷ ಅವನು ಅತ್ತೆ ಸೊಸೆಯರ ಜಗಳಗಳನ್ನೂ ಕಳೆದುಹೋದ ಮಕ್ಕಳು ಮರಳಿ ಸಿಗುವುದನ್ನೂ ಸಾವಿರಕ್ಕೂ ಹೆಚ್ಚು ಸಂಚಿಕೆಗಳಲ್ಲಿ ಚಿತ್ರಿಸಿದ. ಧಾರಾವಾಹಿ ನೋಡುವವರಿಗೆ ನಿರ್ದೇಶಕನ ಹೆಸರು ಬೇಕಾಗುವುದಿಲ್ಲ. ಅದು ಪರದೆಯ ಮೇಲೆ ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಪಾಪಕ್ಕನಿಗೆ ಅಷ್ಟು ಬೇಗ ಓದಲು ಬರುವುದಿಲ್ಲ. ಆದರೆ ಚಕಾರ ಕಂಡೊಡನೆ ಅವಳು ಪಕ್ಕದ ಮನೆಯ ಮಂಗಮ್ಮನಿಗೆ, "ಬಂತು ನೋಡು, ಓಯ್ತು" ಎನ್ನುವಳು.

ಚಲಪತಿ ಬೆಂಗಳೂರಿನಲ್ಲಿ ಮನೆ ಮಾಡಿದ, ಮೀನಾ ಎಂಬ ಸಂಕಲನ ಕಲಿತ ಹುಡುಗಿಯನ್ನು ಮದುವೆಯಾದ. ಮೀನಾ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಮೊದಮೊದಲು ಅದನ್ನು ಕೇಳಿದಾಗಲೆಲ್ಲ ಪಾಪಕ್ಕ, ಯಾರೋ ಪಾತ್ರೆ ಬೀಳಿಸಿದರೆಂಬಂತೆ ಬೆಚ್ಚಿಬೀಳುತ್ತಿದ್ದಳು. ಆಮೇಲೆ ರೂಢಿಯಾಯಿತು. ಆದರೂ ಅವಳು ಬೆಂಗಳೂರಿಗೆ ಬಂದು ನೆಲೆಸಲು ಒಪ್ಪಲಿಲ್ಲ. ಮಂಗಮ್ಮ ಅಲ್ಲಿದ್ದಾಳೆ, ನೀರು ಅಲ್ಲಿಯದೇ ಸೇರುತ್ತದೆ ಎಂಬುದು ಅವಳ ಕಾರಣ.

ಈ ಹನ್ನೊಂದು ವರ್ಷದಲ್ಲಿ ಚಲಪತಿ ಒಂದು ಕಥೆಯನ್ನು ಬರೆಯುತ್ತಾ, ಹರಿಯುತ್ತಾ, ಮತ್ತೆ ಬರೆಯುತ್ತಾ ಬಂದಿದ್ದ. ಗಣಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿನ ಕಥೆ ಅದು. ಕೊನೆಗೆ ಶಶಿಧರ್ ಎಂಬ ಕಟ್ಟಡ ಸಾಮಾನಿನ ವ್ಯಾಪಾರಿ ಅದಕ್ಕೆ ಹಣ ಹೂಡಲು ಮುಂದೆ ಬಂದರು. ಸಣ್ಣ ಸಿನಿಮಾ, ಇಪ್ಪತ್ತೆರಡು ದಿನದ ಚಿತ್ರೀಕರಣ. ಚಲಪತಿಗೆ ಆಗ ನಲವತ್ತು. ಮೊದಲನೆಯದು ಸೋತವನಿಗೆ ಎರಡನೆಯದು ಸಿಕ್ಕುವುದೇ ಕಷ್ಟ, ಎರಡನೆಯದೂ ಸೋತವನಿಗೆ ಮೂರನೆಯದನ್ನು ಯಾರೂ ಕೊಡುವುದಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಚಿತ್ರೀಕರಣ ಚಾಂಪಿಯನ್ ರೀಫ್ಸಿನಲ್ಲೇ ನಡೆಯಿತು. ಧ್ವನಿಮುದ್ರಣಕ್ಕೆ ಸೆಲ್ವರಾಜ್ ಇದ್ದ. ಪಕ್ಕದ ಉರಿಗಾಮಿನವನು, ಚಲಪತಿಯ ಶಾಲೆಯ ಗೆಳೆಯ. ಆ ದಿನದ ದೃಶ್ಯ ಇಷ್ಟೇ: ಗಣಿಯಲ್ಲಿ ಅಪಘಾತವಾಗಿ ಸಂಗು ಕೂಗುತ್ತದೆ, ಲೈನಿನ ಹೆಂಗಸರು ಗೇಟಿನತ್ತ ಓಡುತ್ತಾರೆ. ಬೆಂಗಳೂರಿನಿಂದ ಕರೆತಂದ ಹದಿನೈದು ಮಂದಿ ಸಹಕಲಾವಿದೆಯರು ಬೆಳಗಿನಿಂದ ನಾಲ್ಕು ಸಲ ಓಡಿದ್ದರು. ನಾಲ್ಕು ಸಲವೂ ಅವರು ಬಸ್ಸು ತಪ್ಪಿಹೋಗುತ್ತದೆಂದು ಓಡುವವರ ಹಾಗೆ ಕಂಡರು. ನಿಜವಾದ ಸಂಗು ಕೇಳಿಸಿದರೆ ಇವರಿಗೆ ಮೈ ಜುಂ ಎನ್ನಬಹುದು ಎಂದು ಚಲಪತಿಗೆ ತೋರಿತು. ಬಂಗಾರಪೇಟೆಯ ಗುಜರಿಯಲ್ಲಿ ಸಿಕ್ಕಿದ ಹಳೆಯ ಗಿರಣಿಯೊಂದರ ಸೈರನ್ನನ್ನು ಸೆಲ್ವರಾಜ್ ರಿಪೇರಿ ಮಾಡಿ ತಂದಿದ್ದ.

ಗಂಟೆ ಆಗ ಹನ್ನೊಂದೂ ಇಪ್ಪತ್ತು. ಸೆಲ್ವರಾಜ್ ಗಡಿಯಾರ ನೋಡಿ ತಲೆಯಾಡಿಸಿದ.

"ಎರಡು ಗಂಟೆವರ್ಗೂ ಕಾಯೋಣ ಮಚ್ಚಾ. ಮಧ್ಯಾಹ್ನದ ಪಾಳಿ ಸಂಗು ಅಂದ್ಕೊಂಡು ಸುಮ್ನಾಗ್ತಾರೆ. ಹೊತ್ತಲ್ಲದ ಹೊತ್ನಲ್ಲಿ ಊದಿದ್ರೆ ಏನು ಅರ್ಥ ಅಂತ ನಿನ್ಗೂ ಗೊತ್ತು."

ಚಲಪತಿಗೆ ಗೊತ್ತಿತ್ತು. ಅಲ್ಲಿ ಹುಟ್ಟಿದ ಮಗುವಿಗೂ ಅದು ಗೊತ್ತು. ಪಾಳಿಯ ಹೊತ್ತಿಗೆ ಕೂಗಿದರೆ ಅದು ಗಡಿಯಾರ. ಬೇರೆ ಹೊತ್ತಿನಲ್ಲಿ ಕೂಗಿದರೆ ಯಾರದೋ ಮನೆ ಮುರಿಯಿತೆಂದು ಅರ್ಥ. ಆದರೆ ಆ ಗಳಿಗೆಯಲ್ಲಿ ಮೋಡದ ಸಂದಿನಿಂದ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲೆ ಬಿಸಿಲು ಬಿದ್ದು ಬೂದುಬಣ್ಣದ ಮಣ್ಣು ಹೊಳೆಯುತ್ತಿತ್ತು. ಎರಡು ಗಂಟೆಯವರೆಗೆ ಅದು ನಿಲ್ಲುವ ನೆಚ್ಚಿಕೆ ಇರಲಿಲ್ಲ. ಗಣಿ ಮುಚ್ಚಿ ಇಪ್ಪತ್ತಮೂರು ವರ್ಷವಾಯಿತು, ಚಿತ್ರೀಕರಣ ಇದೆಯೆಂದು ನೆನ್ನೆಯೇ ಆಟೋದಲ್ಲಿ ಎರಡು ಭಾಷೆಯಲ್ಲಿ ಸಾರಿಸಿಯೂ ಆಗಿದೆ, ಯಾರು ಹೆದರುತ್ತಾರೆ ಎಂದು ಅವನು ಸಮಾಧಾನ ಹೇಳಿ ಕ್ಯಾಮೆರಾ ಚಾಲೂ ಮಾಡಿಸಿದ. ಸಂಗು ಕೂಗಿತು.

ಸಹಕಲಾವಿದೆಯರು ಓಡಿದರು. ಈ ಸಲ ಪರವಾಗಿಲ್ಲ ಎನ್ನುವಂತಿತ್ತು. ಅಷ್ಟರಲ್ಲಿ ಪಕ್ಕದ ಓಣಿಯಿಂದ ಇನ್ನೂ ಏಳೆಂಟು ಹೆಂಗಸರು ಚೌಕಟ್ಟಿನೊಳಕ್ಕೆ ನುಗ್ಗಿದರು. ಅವರ ಓಟವೇ ಬೇರೆ. ವಯಸ್ಸಾದ ದೇಹಗಳು, ಮಂಡಿ ಮಡಚುತ್ತಿರಲಿಲ್ಲ, ಆದರೂ ಮುಂದಕ್ಕೆ ಬಾಗಿ ಬರುತ್ತಿದ್ದರು. ಒಬ್ಬಳ ಕೈಯಲ್ಲಿ ಸೌಟು. ಇನ್ನೊಬ್ಬಳ ಜಡೆ ಅರ್ಧ ಹೆಣೆದು ಬಿಟ್ಟಿತ್ತು, ಒಂದೇ ಕಾಲಿನಲ್ಲಿ ಚಪ್ಪಲಿ. ಕ್ಯಾಮೆರಾದವನು ಇದೂ ಏರ್ಪಾಡಿನದೇ ಎಂದುಕೊಂಡು ಕ್ಯಾಮೆರಾವನ್ನು ಅವರ ಮೇಲೇ ನಿಲ್ಲಿಸಿದ. ಪರದೆ ನೋಡುತ್ತಿದ್ದ ಚಲಪತಿಗೂ ಕ್ಷಣಕಾಲ, ಇವರು ಯಾರು, ಎಷ್ಟು ಚೆನ್ನಾಗಿ ಮಾಡುತ್ತಿದ್ದಾರೆ ಎನಿಸಿತು. ಆಮೇಲೆ ಒಂದೇ ಚಪ್ಪಲಿಯವಳು ತನ್ನ ತಾಯಿ ಎಂದು ಗುರುತು ಹತ್ತಿತು.

ಗುರುತು ಹತ್ತಿದ ಮೇಲೂ ಅವನು ಕಟ್ ಎನ್ನಲಿಲ್ಲ. ಅವನ ತುಟಿ ಅಲ್ಲಾಡುತ್ತಿತ್ತು.

ಹನ್ನೊಂದು ಸೆಕೆಂಡು ಕಳೆದು ಪಾಪಕ್ಕ ಗೇಟು ಮುಟ್ಟಿದಳು. ಅಲ್ಲಿ ದೀಪಗಳನ್ನೂ ಛತ್ರಿಗಳನ್ನೂ ಕಂಡು ನಿಂತಳು. ಯಾರೋ ಕುರ್ಚಿ ತಂದರು, ಯಾರೋ ನೀರು ತಂದರು. ಚಲಪತಿ ಓಡಿಬಂದು, ಗಣಿ ಮುಚ್ಚಿದ್ದು ನಿಮಗೆ ಗೊತ್ತಿಲ್ಲವೇ ಎಂದುಬಿಟ್ಟ. ಸೌಟು ಹಿಡಿದಿದ್ದ ಮಂಗಮ್ಮ ಏದುಸಿರು ಬಿಡುತ್ತಲೇ ಉತ್ತರ ಕೊಟ್ಟಳು.

"ತಲೆಗೆ ಗೊತ್ತು ನಾಯ್ನಾ. ಕಾಲ್ಗೆ ಯಾರೂ ಏಳಿಲ್ಲ."

ಸುತ್ತಲಿದ್ದವರು ನಕ್ಕರು, ಮಂಗಮ್ಮನೂ ನಕ್ಕಳು. ಪಾಪಕ್ಕ ನಗಲಿಲ್ಲ. ನೀರು ಕುಡಿದು ಎದ್ದು, "ಯಾವೊತ್ಗೆ ಏನು ಕೂಗುಸ್ಬೇಕು ಅಂತ ತಿಳಿಯಲ್ವೇನ್ಲಾ ನಿನ್ಗೆ? ಸ್ಟೌ ಮೇಲೆ ಸಾರಿಕ್ಕಿ ಬಂದಿದೀನಿ" ಎಂದು, ಒಂದೇ ಚಪ್ಪಲಿಯಲ್ಲಿ ಮನೆಯ ಕಡೆ ಹೊರಟುಹೋದಳು. ಇನ್ನೊಂದು ಚಪ್ಪಲಿಯನ್ನು ಸೆಲ್ವರಾಜ್ ಓಣಿಯಲ್ಲಿ ಹುಡುಕಿ ತಂದುಕೊಟ್ಟ.

ತಿಂಗಳ ಮೇಲೆ ಬೆಂಗಳೂರಿನ ಸಂಕಲನದ ಕೋಣೆಯಲ್ಲಿ ಸಿಂಧು ಎಂಬ ಸಂಕಲನಕಾರ್ತಿ ಆ ಓಟದ ಚಿತ್ರಿಕೆಯನ್ನು ಪರದೆಗೆ ಹಾಕಿದಳು. ಕೋಣೆಯಲ್ಲಿ ನಿರ್ಮಾಪಕ ಶಶಿಧರ್ ಕೂಡ ಇದ್ದರು. ಸಿಂಧು ಮತ್ತೊಮ್ಮೆ ಹಾಕಿ ಧ್ವನಿಯನ್ನು ಏರಿಸಿದಳು. ಹತ್ತಾರು ಹೆಂಗಸರ ಗದ್ದಲದ ನಡುವೆ ಒಂದು ಕೂಗು ಮಾತ್ರ ನಿಚ್ಚಳವಾಗಿ ಮೇಲೆದ್ದು ಕೇಳಿತು.

"ಮುನಿಶಾಮೀ..."

ಎರಡು ಸಲ. ಎರಡನೆಯ ಸಲ ಕೊನೆಯ ಅಕ್ಷರ ಗಂಟಲಲ್ಲೇ ಒಡೆದಿತ್ತು.

ನಮ್ಮ ಕಥೆಯಲ್ಲಿ ಮುನಿಶಾಮಿ ಎಂಬ ಪಾತ್ರವೇ ಇಲ್ಲವಲ್ಲ, ಇದು ಯಾರು ಸರ್ ಎಂದು ಸಿಂಧು ಕೇಳಿದಳು. ಚಲಪತಿ, ನನ್ನ ತಂದೆ ಎಂದ. ನಲವತ್ತು ವರ್ಷದಲ್ಲಿ ತಾಯಿಯ ಬಾಯಿಂದ ಆ ಹೆಸರನ್ನು ಅವನು ಕೇಳುತ್ತಿದ್ದುದು ಅದೇ ಮೊದಲು.

ಶಶಿಧರ್ ಕೆಟ್ಟ ಮನುಷ್ಯರಲ್ಲ. ಅವರು, ಇದಕ್ಕೆ ಉಪಾಯ ಸುಲಭ ಎಂದರು. ಕಥೆಯಲ್ಲಿ ಸಾಯುವ ಗಂಡನ ಹೆಸರನ್ನೇ ಮುನಿಶಾಮಿ ಎಂದು ಬದಲಾಯಿಸಿ, ಡಬ್ಬಿಂಗಿನಲ್ಲಿ ಉಳಿದ ಕಡೆಯೆಲ್ಲ ಹಾಗೆಯೇ ಹೇಳಿಸಿದರಾಯಿತು. ಮಾರನೆಯ ದಿನವೇ ಅವರು ಆ ತುಣುಕನ್ನು ಒಂದು ಓಟಿಟಿ ಸಂಸ್ಥೆಯವರಿಗೆ ತೋರಿಸಿದರು. ಆರು ತಿಂಗಳಿನಿಂದ ಉತ್ತರವನ್ನೇ ಕೊಡದಿದ್ದವರು ಅದೇ ದಿನ ಮರಳಿ ಫೋನು ಮಾಡಿದರು. ಸಿನಿಮಾ ತೆಗೆದುಕೊಳ್ಳುತ್ತೇವೆ, ಟ್ರೇಲರು ಆ ಕೂಗಿನಿಂದಲೇ ಆರಂಭವಾಗಲಿ ಎಂದರು. ಚಲಪತಿ ಎರಡು ದಿನದ ವ್ಯವಧಾನ ಕೇಳಿ ರೈಲು ಹತ್ತಿದ.

ಅದು ಅವರೆಕಾಯಿಯ ಕಾಲ. ಪಾಪಕ್ಕ ಬಾಗಿಲಲ್ಲಿ ಮೊರ ಮುಂದಿಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು. ಚಲಪತಿಯೂ ಎದುರಿಗೆ ಕುಳಿತು ಸುಲಿಯತೊಡಗಿದ. ಊಟ ಆಯಿತೇ, ಮೀನಾ ಹೇಗಿದ್ದಾಳೆ ಎಂಬ ಮಾತುಗಳೆಲ್ಲ ಮುಗಿದ ಮೇಲೆ ಅವನು ವಿಷಯಕ್ಕೆ ಬಂದ. ಆವತ್ತು ಓಡುವಾಗ ನೀನು ಅಪ್ಪನ ಹೆಸರು ಕೂಗಿದೆಯಮ್ಮ ಎಂದ.

ಪಾಪಕ್ಕ ತಲೆಯೆತ್ತಿ ಮಗನನ್ನು ನೋಡಿದಳು.

"ನಾನೆಲ್ಲಿ ಕೂಗ್ದೆ? ನಿಮ್ಮಪ್ಪನ ಎಸ್ರು ಇಡ್ದು ನಾನು ಕೂಗ್ತೀನೇನ್ಲಾ? ಮಂಗಮ್ಮ ಕೂಗಿರ್ಬೇಕು."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಇಲ್ಲಿಗೇ ಬಿಟ್ಟುಬಿಟ್ಟರೂ ಆಗುತ್ತದೆ ಎಂದು ಚಲಪತಿಗೆ ತೋರಿತು. ಕೂಗಿದವಳಿಗೇ ನೆನಪಿಲ್ಲ, ಕೇಳಿದವರಿಗೆ ಅರ್ಥವಿಲ್ಲ, ಯಾರಾದರೂ ವಿಚಾರಿಸಿದರೆ ತಾಯಿ ಒಪ್ಪಿದಳು ಎಂದರಾಯಿತು ಎಂದುಕೊಂಡು ಮರಳಬಹುದು. ಆದರೆ ಎಂದಾದರೂ ಒಂದು ದಿನ ಲೈನಿನ ಹೆಂಗಸರೆಲ್ಲ ಜೊತೆಗೂಡಿ ಆ ಸಿನಿಮಾ ನೋಡುತ್ತಾರೆ. ಆಗ ಅವಳಿಗೆ ತನ್ನ ದನಿ ನಾಲ್ಕು ಜನರ ಎದುರಿನಲ್ಲಿ ಕೇಳುತ್ತದೆ. ಅವನು ಜೇಬಿನಿಂದ ಫೋನು ತೆಗೆದು ಇಯರ್‌ಫೋನನ್ನು ತಾಯಿಯ ಕಿವಿಗೆ ತಾನೇ ಇಟ್ಟ.

ಪಾಪಕ್ಕ ಕೇಳಿದಳು. ಕೈಯಲ್ಲಿದ್ದ ಅವರೆಕಾಯಿ ಅರ್ಧ ಬಿರಿದು ಹಾಗೆಯೇ ನಿಂತಿತು. ಇನ್ನೊಂದು ಸಲ ಹಾಕು ಎಂದು ಬೆರಳಿನಲ್ಲಿ ಸನ್ನೆ ಮಾಡಿದಳು. ಎರಡನೆಯ ಸಲವೂ ಕೇಳಿ, ಇಯರ್‌ಫೋನು ತೆಗೆದು ಮೊರದ ಅಂಚಿನಲ್ಲಿಟ್ಟು, ಕಾಯಿ ಸುಲಿಯುವುದನ್ನು ಮುಂದುವರಿಸಿದಳು. ಸುಲಿಯುತ್ತಲೇ ಅವಳು ಹೇಳಿದ್ದು ಮೂವತ್ತು ವರ್ಷದ ಹಿಂದಿನ ಮಾತು. ಚಲಪತಿ ಅದನ್ನು ಎಂದೂ ಕೇಳಿರಲಿಲ್ಲ.

ಮುನಿಶಾಮಿ ಸತ್ತ ದಿನವೂ ಸಂಗು ಹೀಗೆಯೇ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತ್ತು. ಹೆಂಗಸರೆಲ್ಲ ಗೇಟಿಗೆ ಓಡಿದ್ದರು. ಗೇಟಿನ ಗುಮಾಸ್ತನ ಕೈಯಲ್ಲಿ ಪಟ್ಟಿ ಇತ್ತು. ಒಬ್ಬೊಬ್ಬಳೂ ತನ್ನ ಗಂಡನ ಹೆಸರು ಹೇಳಿ ಕೇಳುತ್ತಿದ್ದಳು. ಇದ್ದಾನೆ, ಮೇಲೆ ಬಂದ ಎಂದು ಅವನು ನೋಡಿ ಹೇಳುತ್ತಿದ್ದ. ಪಾಪಕ್ಕನ ಸರದಿ ಬಂದಾಗ ಗುಮಾಸ್ತ, ನಿನ್ನ ಗಂಡನ ಹೆಸರು ಏನಮ್ಮ ಎಂದ. ಹೇಳಿದರೆ ಅವರಿಗೆ ಏನಾಗಿಬಿಡುತ್ತದೋ ಎಂದು ಅವಳು ಬಾಯಿ ಬಿಡಲಿಲ್ಲ. ಮಗ ಶಾಲೆಯಲ್ಲಿದ್ದ. ಗುಮಾಸ್ತ ಎರಡು ಸಲ ಕೇಳಿ ಮುಂದಿನವಳ ಕಡೆ ತಿರುಗಿದ. ಸೆರಗನ್ನು ಬಾಯಿಗೆ ತುರುಕಿಕೊಂಡು ಅವಳು ಗೇಟಿನ ಪಕ್ಕದಲ್ಲೇ ನಿಂತಿದ್ದಳು. ಒಂದು ಗಂಟೆಯ ಮೇಲೆ ಮಂಗಮ್ಮ ಬಂದು ಅವಳ ಪರವಾಗಿ ಕೇಳಿದಳು. ಆಗ ತಿಳಿಯಿತು. ಅಷ್ಟು ಹೊತ್ತೂ ಅವಳು, ನಾನು ಹೇಳಲಿಲ್ಲ, ಆದ್ದರಿಂದ ಅವರು ಚೆನ್ನಾಗಿಯೇ ಇರುತ್ತಾರೆ ಎಂದುಕೊಂಡು ನಿಂತಿದ್ದಳು.

ಇಷ್ಟನ್ನೂ ಅವಳು ಬೇರೆ ಯಾರದೋ ಮನೆಯ ಸಮಾಚಾರ ಎಂಬಂತೆ ಹೇಳಿದಳು. ಹೇಳಿ ಮುಗಿಸಿ ಮೊರ ಕೊಡವಿದಳು.

"ಓಡೋದು ತೋರುಸ್ಕೋ. ಮಂಗಮ್ಮನ್ಗೂ ಖುಷಿಯಾಗ್ತೈತೆ. ಎಸ್ರು ಬ್ಯಾಡ. ಅದು ನಿಮ್ಮಪ್ಪನ್ಗೆ ಅಂತ ಕೂಗಿದ್ದು ಕಣ್ಲಾ, ಜನಕ್ಕಲ್ಲ."

ಹಾಗಾದರೆ ಅಳಿಸಿಹಾಕಲೇ ಎಂದು ಚಲಪತಿ ಕೇಳಿದ. ಪಾಪಕ್ಕ ಇಯರ್‌ಫೋನನ್ನು ಅವನ ಕೈಗಿಟ್ಟಳು.

"ಅಳುಸ್ಬ್ಯಾಡ. ನಿನ್ತಾವ ಇಕ್ಕೋ."

ಹೇಳುವುದು ಸುಲಭ, ಮಾಡುವುದು ಸುಲಭವಾಗಿರಲಿಲ್ಲ. ಸೆಲ್ವರಾಜ್ ಮೂರು ದಿನ ಕುಳಿತು ಆ ಒಂದು ಕೂಗನ್ನು ಗದ್ದಲದಿಂದ ಬಿಡಿಸಲು ನೋಡಿದ. ಎಷ್ಟು ಸವರಿದರೂ ಅದರ ಅಂಚು ಉಳಿಯುತ್ತಿತ್ತು. ಬೇರೆ ಹೆಂಗಸರನ್ನು ಸ್ಟುಡಿಯೋಗೆ ಕರೆಸಿ ಕೂಗಿಸಿದರೆ ಮತ್ತೆ ಬಸ್ಸು ತಪ್ಪಿದವರ ಗದ್ದಲವಾಯಿತು. ಕೊನೆಗೆ ಚಲಪತಿ ಸಂಗಿನ ದನಿ ಮುಗಿದ ಕ್ಷಣದಿಂದ ಗೇಟು ಮುಟ್ಟುವವರೆಗಿನ ಹನ್ನೊಂದು ಸೆಕೆಂಡಿಗೂ ಧ್ವನಿಯನ್ನೇ ತೆಗೆದುಹಾಕಿಸಿದ. ಗಾಳಿಯ ಸದ್ದೂ ಇಲ್ಲ, ಹೆಜ್ಜೆಯ ಸದ್ದೂ ಇಲ್ಲ.

ಶಶಿಧರ್ ಬೇಡವೆಂದು ಬಹಳ ಹೇಳಿದರು. ನಿಮ್ಮ ತಾಯಿಯವರ ಬಳಿ ಬೇಕಾದರೆ ನಾನೇ ಬಂದು ಕೈಮುಗಿದು ಕೇಳುತ್ತೇನೆ ಎಂದರು. ಚಲಪತಿ, ಅವರು ಹೇಳಿ ಆಗಿದೆ ಎಂದಷ್ಟೇ ಅಂದ. ಓಟಿಟಿ ಸಂಸ್ಥೆಯವರು ಹೊಸ ಪ್ರತಿಯನ್ನು ನೋಡಿ ಹದಿನೈದು ದಿನ ಬಿಟ್ಟು, ಸದ್ಯಕ್ಕೆ ಈ ಚಿತ್ರ ನಮಗೆ ಹೊಂದುವುದಿಲ್ಲ ಎಂದು ವಿನಯವಾಗಿ ಬರೆದರು. ಕಾರಣ ಬರೆದಿರಲಿಲ್ಲ. ಶಶಿಧರ್ ಅದಾದ ಮೇಲೂ ಚಲಪತಿಯ ಜೊತೆ ಮಾತು ಬಿಡಲಿಲ್ಲ. ಆದರೆ ಮುಂದಿನ ಸಿನಿಮಾದ ಮಾತನ್ನು ಎತ್ತಲೂ ಇಲ್ಲ.

ಮಾರನೆಯ ವರ್ಷ ಸಿನಿಮಾ ಹನ್ನೆರಡು ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಅದರಲ್ಲಿ ಬಂಗಾರಪೇಟೆಯದೂ ಒಂದು. ಮೊದಲ ದಿನದ ಬೆಳಗಿನ ಆಟಕ್ಕೆ ಸೆಲ್ವರಾಜ್ ಒಂದು ಟೆಂಪೋ ಮಾಡಿ ಲೈನಿನ ಹೆಂಗಸರನ್ನೆಲ್ಲ ಕರೆತಂದ. ಪಾಪಕ್ಕ, ಮಂಗಮ್ಮ, ಇನ್ನೂ ಹನ್ನೆರಡು ಮಂದಿ ನಡುವಿನ ಸಾಲಿನಲ್ಲಿ ಕುಳಿತರು. ಹಿಂದೆ ಕಾಲೇಜು ಹುಡುಗರು. ಚಲಪತಿ ಗೋಡೆಗೆ ಒರಗಿ ಬಾಗಿಲ ಪಕ್ಕದಲ್ಲಿ ನಿಂತಿದ್ದ.

ಆ ದೃಶ್ಯ ಬಂತು. ಸಂಗು ಕೂಗಿ ನಿಂತಿತು. ಪರದೆಯ ಮೇಲೆ ಹೆಂಗಸರು ಓಡುತ್ತಿದ್ದರು. ಚಿತ್ರಮಂದಿರದಲ್ಲಿ ಫ್ಯಾನುಗಳ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಎರಡು ಸೆಕೆಂಡು ಜನ ಸುಮ್ಮನಿದ್ದರು. ಮೂರನೆಯದಕ್ಕೆ ಹಿಂದಿನಿಂದ ಒಂದು ಶಿಳ್ಳೆ ಬಂತು. ಆಮೇಲೆ ಒಬ್ಬ ಆಪರೇಟರನ ಕಿಂಡಿಯ ಕಡೆ ತಿರುಗಿ, "ಲೇ, ಸೌಂಡ್ ಓಯ್ತು, ಸೌಂಡ್ ಬಿಡ್ಲಾ" ಎಂದು ಕೂಗಿದ. ನಾಲ್ಕಾರು ಜನ ಅವನ ಜೊತೆಗೂಡಿ ಕುರ್ಚಿ ಬಡಿದರು.

ಪಾಪಕ್ಕ ಕುಳಿತಲ್ಲಿಂದಲೇ ಹಿಂದಕ್ಕೆ ತಿರುಗಿದಳು.

"ಸುಮ್ಕೆ ಕೂತ್ಕಳ್ಲಾ. ಸೌಂಡ್ ಇಲ್ದಿದ್ರೆ ಏನಂತೆ, ಕಣ್ಣು ಐತಲ್ಲ ನಿನ್ಗೆ? ಅದ್ರಲ್ಲಿ ಓಡ್ತಿರೋಳು ನಾನೇ."

ಹುಡುಗ ಬಾಯಿ ಮುಚ್ಚಿ ಪರದೆಯನ್ನೂ ಅವಳನ್ನೂ ಒಂದು ಸಲ ನೋಡಿದ. ಉಳಿದ ಸೆಕೆಂಡುಗಳು ಸದ್ದಿಲ್ಲದೆ ಕಳೆದವು. ಅಷ್ಟರಲ್ಲಿ ಆಪರೇಟರ್ ತನ್ನದೇ ತಪ್ಪೆಂದು ಹೆದರಿ ಧ್ವನಿಯನ್ನು ತುದಿಯವರೆಗೆ ತಿರುಗಿಸಿಬಿಟ್ಟಿದ್ದ. ಮುಂದಿನ ದೃಶ್ಯದಲ್ಲಿ ಒಂದು ಕೋಳಿ ಕೊಕ್ಕೊಕ್ಕೋ ಎಂದಾಗ ಇಡೀ ಚಿತ್ರಮಂದಿರ ಹೌಹಾರಿತು. ಮಂಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸಿನಿಮಾ ಬಂಗಾರಪೇಟೆಯಲ್ಲಿ ಒಂಬತ್ತು ದಿನ ಓಡಿತು. ಮೊದಲನೆಯದಕ್ಕಿಂತ ಐದು ದಿನ ಹೆಚ್ಚು. ಚಲಪತಿ ಈಗ ಮತ್ತೆ ಧಾರಾವಾಹಿಯಲ್ಲಿದ್ದಾನೆ. ಕಣ್ಣೀರು ಬಂದ ಮೇಲೆ ಈಗಲೂ ಎಣಿಸುತ್ತಾನೆ. ಕೆಲಸದವರು ಹೇಳುವ ಪ್ರಕಾರ ಹತ್ತರವರೆಗೆ ಹೋಗುವುದಿಲ್ಲ.

ಹೋದ ತಿಂಗಳು ಪಾಪಕ್ಕನ ಪಿಂಚಣಿಯ ಕಾಗದ ಹೊಸದು ಮಾಡಿಸಲು ಅವನು ರಜೆ ಹಾಕಿ ಊರಿಗೆ ಬಂದ. ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಹೆಣ್ಣುಮಗಳು ತಲೆಯೆತ್ತದೆ, ಗಂಡನ ಹೆಸರು ಹೇಳಿಯಮ್ಮ ಎಂದಳು. ಪಾಪಕ್ಕ ಸೆರಗನ್ನು ತಲೆಯ ಮೇಲೆ ಮುಂದಕ್ಕೆಳೆದುಕೊಂಡಳು. ಕಿವಿಯ ಮೇಲೆ ಕೂದಲು ನರೆತ ಮಗನ ಬೆನ್ನಿಗೆ ಮೆಲ್ಲಗೆ ತಿವಿದಳು.

"ಮುನಿಶಾಮಿ" ಎಂದ ಚಲಪತಿ. "ತಂದೆ ಹೆಸರು ಯರ್ರಪ್ಪ."